ಮೊಂತೆರೊಸ್ಸೊದಿಂದ ವೆರ್ನಾತ್ಸಕ್ಕೆ

ಇಟಲಿಗೆ ಹೋಗಿಬಂದವರು ರೋಮಾಪುರದ ಪಾಳುಕಟ್ಟಡಗಳನ್ನೂ ವೆನಿಸಿನ ನೀರುಬೀದಿಗಳನ್ನೂ ಕುರಿತು ಬರೆಯುವುದು ವಾಡಿಕೆ. ನಾವೂ ಅವುಗಳನ್ನು ನೋಡಿಬಂದೆವು. ಆದರೆ ನಮಗಿಂತ ಚೆನ್ನಾಗಿ ಬಲ್ಲವರು ಆ ವಿಷಯಗಳನ್ನು ಬರೆದಿರುವುದರಿಂದ ವಾಚಕರ ಹೊತ್ತನ್ನು ಅದಕ್ಕಾಗಿ ಬೇಡುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಕಡಲ ಮಗ್ಗುಲಿನ ಎರಡು ಊರುಗಳ ನಡುವಣ ಒಂದು ಕಾಲುದಾರಿಯ ಸಂಗತಿ. ಅದರ ಉದ್ದ ಸುಮಾರು ಮೂರೂವರೆ ಕಿಲೋಮೀಟರು. ನಮ್ಮ ಮಲೆನಾಡಿನಲ್ಲಿ ಅಷ್ಟು ದೂರವನ್ನು ಪ್ರಯಾಣವೆಂದು ಯಾರೂ ಹೇಳರು; ಶಾಲೆಗೆ ಹೋಗುವ ಹುಡುಗರು ದಿನಕ್ಕೆರಡು ಸಲ ಅದಕ್ಕಿಂತ ಹೆಚ್ಚಾಗಿ ನಡೆದ ಕಾಲವೊಂದಿತ್ತು. ಎರಡು ಗಂಟೆಯಲ್ಲಿ ಆ ದಾರಿಯನ್ನು ಮುಗಿಸಬಹುದೆಂದು ಬಲ್ಲವರು ಹೇಳುವರು. ನಮಗೆ ನಾಲ್ಕು ಗಂಟೆ ಹಿಡಿಯಿತು. ಹೆಚ್ಚಿನ ಆ ಎರಡು ಗಂಟೆಗಳು ಎಲ್ಲಿ ಕಳೆದುವೆಂಬುದೇ ಈ ಲೇಖನದ ವಿಷಯವೆಂದರೂ ಸಲ್ಲುವುದು.

ನಾವು ಸಂಸ್ಕೃತದ ಉಪಾಧ್ಯಾಯರಾಗಿ ಮೂವತ್ತೆರಡು ವರ್ಷ ಕೆಲಸಮಾಡಿ ನಿವೃತ್ತರಾದವರು. ಮಗನು ಉದ್ಯೋಗನಿಮಿತ್ತವಾಗಿ ಮಿಲಾನ್ ನಗರದಲ್ಲಿರುವನು. ಕಾಲಿನಲ್ಲಿ ಕಸುವಿರುವಾಗಲೇ ಬಂದುಹೋಗಿರೆಂದು ಅವನು ಬಹಳ ದಿನದಿಂದ ಒತ್ತಾಯ ಮಾಡುತ್ತಿದ್ದುದರಿಂದ, ಕಳೆದ ವೈಶಾಖದಲ್ಲಿ ನಾವೂ ನಮ್ಮ ಮನೆಯವರೂ ಹೋಗಿ ಒಂದು ತಿಂಗಳು ಅವನಲ್ಲಿದ್ದೆವು. ಕಡಲತೀರಕ್ಕೆ ಹೊರಡುವ ಹಿಂದಿನ ರಾತ್ರಿ ಊರಿನಿಂದ ತಮ್ಮನ ಫೋನು ಬಂದಿತು. ತುಂಗಾತೀರದ ನಮ್ಮ ಹಳ್ಳಿಯಲ್ಲಿ ಪಿತ್ರಾರ್ಜಿತವಾದ ಒಂದೂವರೆ ಎಕರೆ ಅಡಕೆಯ ತೋಟವಿದೆ. ತೋಟದ ಮೇಲುಗಡೆಯ ಧರೆಗೆ ನಮ್ಮ ಅಜ್ಜನವರು ಕಾಡುಗಲ್ಲಿನ ಕಟ್ಟು ಕಟ್ಟಿಸಿ, ಅದರ ಮೇಲೆ ಎರಡು ಹಂತ ಮಾಡಿ ಗಿಡ ಹಾಕಿಸಿದ್ದರು. ಹಿಂದಿನ ಮಳೆಗಾಲದಲ್ಲಿ ಆ ಕಟ್ಟಿನಲ್ಲಿ ಎರಡು ಮಾರು ಉರುಳಿಹೋಗಿತ್ತು. ಇನ್ನೊಂದೆಡೆ ಹೊಟ್ಟೆ ಬಿಟ್ಟಿತ್ತು. “ಅಣ್ಣಯ್ಯ, ಕಲ್ಲು ಕಟ್ಟುವವರು ಸಿಕ್ಕುವುದಿಲ್ಲ, ಸಿಕ್ಕಿದವರು ಕೇಳುವ ಕೂಲಿಯನ್ನು ಆ ಎರಡು ಹಂತದ ಅಡಕೆ ಐದು ವರ್ಷಕ್ಕೂ ಹುಟ್ಟಿಸಲಾರದು. ಅಷ್ಟನ್ನು ಕಾಡಿಗೆ ಬಿಟ್ಟುಬಿಡೋಣವೆ?” ಎಂದು ಕೇಳಿದನು. ನಾವು ಹೆಚ್ಚು ಯೋಚಿಸಲಿಲ್ಲ. “ಬಿಟ್ಟುಬಿಡು. ಕಾಡು ಬೆಳೆದರೆ ಬೇರುಗಳೇ ಮಣ್ಣನ್ನು ಹಿಡಿದುಕೊಳ್ಳುತ್ತವೆ” ಎಂದು ಹೇಳಿ ಮಲಗಿದೆವು. ಧರೆಯ ಕೆಳಗೆ ತೋಟ, ತೋಟದ ಕೆಳಗೆ ನಮ್ಮ ದಾಯಾದಿಗಳ ಮನೆ. ಇದು ನಮಗೆ ತಿಳಿಯದ್ದೇನೂ ಅಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಇಟಲಿಯ ಪಡುವಣ ಕರಾವಳಿಯಲ್ಲಿ ಜೆನೋವ ಎಂಬ ರೇವುಪಟ್ಟಣದಿಂದ ಲಾ ಸ್ಪೆತ್ಸಿಯ ಎಂಬ ಇನ್ನೊಂದು ರೇವಿಗೆ ಹೋಗುವ ದಾರಿಯಲ್ಲಿ, ಎರಡನೆಯದು ಇನ್ನು ಸ್ವಲ್ಪ ದೂರವಿರುವಂತೆಯೇ, ಬೆಟ್ಟಗಳು ನೆಟ್ಟಗೆ ಸಮುದ್ರಕ್ಕೆ ಇಳಿಯುವುವು. ಮರಳದಂಡೆಯೆಂಬುದು ಬಹುಮಟ್ಟಿಗೆ ಇಲ್ಲ. ಅಂತಹ ಕಡಿದಾದ ಜಾಗದಲ್ಲಿ ಮೊಂತೆರೊಸ್ಸೊ, ವೆರ್ನಾತ್ಸ, ಕೊರ್ನೀಲ್ಯ, ಮನರೋಲ, ರಿಯೊಮಜ್ಜೋರೆ ಎಂಬ ಐದು ಹಳ್ಳಿಗಳು ಬಂಡೆಯ ಸಂದುಗಳಲ್ಲಿ ಗೂಡುಕಟ್ಟಿದಂತೆ ಕುಳಿತಿವೆ. ಇವೆಲ್ಲಕ್ಕೂ ಸೇರಿ ಚಿಂಕ್ವೆ ತೆರ್ರೆ ಎಂದು ಹೆಸರು. ಚಿಂಕ್ವೆ ಎಂದರೆ ಐದು, ತೆರ್ರೆ ಎಂದರೆ ನೆಲಗಳು. ಇದರಲ್ಲಿ ಮೊದಲನೆಯ ಮಾತಿಗೂ ನಮ್ಮ ‘ಪಂಚ’ ಶಬ್ದಕ್ಕೂ ಮೂಲ ಒಂದೇ ಎಂಬುದನ್ನು ಭಾಷಾಶಾಸ್ತ್ರದ ಪರಿಚಯವುಳ್ಳವರು ಬಲ್ಲರು. ಎರಡನೆಯದು ‘ಧರಾ’ ಶಬ್ದದ ಬಂಧುವೆಂದು ನಾವು ಬಹುಕಾಲ ನಂಬಿಕೊಂಡಿದ್ದುದಲ್ಲದೆ ಮಕ್ಕಳಿಗೂ ಹೇಳಿದ್ದೆವು, ಅದು ತಪ್ಪು. ಅದರ ನಂಟಿರುವುದು ‘ತೃಷಾ’ ಶಬ್ದದೊಡನೆ. ಒಣಗಿದುದು ಎಂಬರ್ಥದಿಂದ ಒಣನೆಲವೆಂಬ ಅರ್ಥ ಬಂದಿದೆ. ಬಿಸಿಲೇರಿದ ಮೇಲೆ, ಮೆಟ್ಟಲುಗಳ ನಟ್ಟನಡುವೆ, ಬರಿದಾದ ನೀರಿನ ಸೀಸೆಯನ್ನು ಹಿಡಿದು ನಿಂತಾಗ ಈ ನಿರುಕ್ತಿಯ ಸತ್ಯ ನಮಗೆ ಇನ್ನೂ ಚೆನ್ನಾಗಿ ಹೃದ್ಗತವಾಯಿತು.

೧೯೯೭ರಲ್ಲಿ ಯುನೆಸ್ಕೊ ಸಂಸ್ಥೆಯವರು ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ೧೯೯೯ರಲ್ಲಿ ಇಟಲಿಯ ಸರ್ಕಾರದವರು ರಾಷ್ಟ್ರೀಯ ಉದ್ಯಾನವೆಂದು ವಿಧಿಸಿದರು. ಉದ್ಯಾನವೆಂದೊಡನೆ ಕಾಡನ್ನೂ ಮೃಗಗಳನ್ನೂ ನೆನೆಯಬಾರದು. ಇಲ್ಲಿ ಕಾಪಾಡಬೇಕಾಗಿರುವುದು ಮನುಷ್ಯನು ಕೈಯಾರೆ ಮಾಡಿದ ಬೆಟ್ಟವನ್ನು. ಹಾಗೆಂದರೇನೆಂಬುದು ನಮಗೂ ನಡೆದ ಮೇಲೆಯೇ ತಿಳಿಯಿತು.

ಮಿಲಾನಿನಿಂದ ಮೊಂತೆರೊಸ್ಸೊಗೆ ರೈಲಿನಲ್ಲಿ ಸುಮಾರು ಮೂರು ಗಂಟೆಯ ಹಾದಿ. ಕರಾವಳಿಯ ಈ ರೈಲುದಾರಿ ೧೮೭೪ರಲ್ಲಿ ಪೂರ್ತಿಯಾಯಿತು. ಅದರಲ್ಲಿ ಸುರಂಗವೇ ಹೆಚ್ಚು, ಬೆಳಕೇ ಕಡಮೆ; ಕತ್ತಲೆ, ಒಂದು ತುಣುಕು ಕಡಲು, ಮತ್ತೆ ಕತ್ತಲೆ. ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ಸಮುದ್ರ. ಐದು ಊರುಗಳಲ್ಲಿ ಹೇಳಿಕೊಳ್ಳುವಂತಹ ಮರಳಿನ ದಂಡೆಯಿರುವುದು ಇಲ್ಲಿ ಮಾತ್ರ. ಆ ದಂಡೆಯ ಕೊನೆಯಲ್ಲಿ ಬಂಡೆಗೊರಗಿದ ವರುಣದೇವನ ಒಂದು ಬೃಹದ್ವಿಗ್ರಹವಿದೆ; ಅವರು ನೆಪ್ಚೂನ್ ಎನ್ನುವರು. ೧೯೧೦ರಲ್ಲಿ ಕಾಂಕ್ರೀಟಿನಿಂದ ಮಾಡಿದ್ದು, ಹದಿನಾಲ್ಕು ಮೀಟರು ಎತ್ತರ. ಯುದ್ಧಕಾಲದ ಬಾಂಬುಗಳೂ ಅನಂತರದ ಕಡಲ ಹೊಡೆತಗಳೂ ಸೇರಿ ಕೈಗಳನ್ನು ಮುರಿದಿವೆ. ಎವುಜೇನಿಯೊ ಮೊಂತಾಲೆ ಎಂಬ ಕವಿ (೧೮೯೬–೧೯೮೧) ಬಾಲ್ಯದ ಬೇಸಗೆಗಳನ್ನು ಕಳೆದ ಮನೆಯೂ ಈ ಊರಿನಲ್ಲಿಯೇ. ೧೯೭೫ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ೧೯೨೫ರಲ್ಲಿ ಹೊರಬಿದ್ದ ಅವನ ಮೊದಲನೆಯ ಕವಿತಾಸಂಗ್ರಹದ ಹೆಸರು, ಅಲೆಗಳು ದಂಡೆಗೆ ತಂದೆಸೆಯುವ ಒಂದು ಬಗೆಯ ಕಡಲಪ್ರಾಣಿಯ ಬಿಳಿಯ ಎಲುಬನ್ನು ಹೇಳುತ್ತದೆ. ಮಗನು ಅದನ್ನು ವಿವರಿಸಲು ತಿಣುಕುತ್ತಿದ್ದಾಗ ನಮ್ಮ ಮನೆಯವರು, “ಅದಕ್ಕೇಕೆ ಇಷ್ಟು ಮಾತು? ಗ್ರಂಧಿಗೆಯ ಅಂಗಡಿಯಲ್ಲಿ ಕೊಡುವ ಸಮುದ್ರಫೇನವಲ್ಲವೆ!” ಎಂದರು. ಅದೇ ಸರಿ. ನಮ್ಮ ವೈದ್ಯರ ಪೆಟ್ಟಿಗೆಯಲ್ಲಿದ್ದ ವಸ್ತು ಅಲ್ಲಿ ಕಾವ್ಯಕ್ಕೆ ಹೆಸರಾಗಿದೆ.

ನಡಗೆಗೆ ಹೊರಡುವ ಮುನ್ನ ಒಂದು ತಕರಾರು ನಡೆಯಿತು. ನಾವು ಚಪ್ಪಲಿಯಲ್ಲಿಯೇ ನಡೆಯುವೆವೆಂದು ಹಟಹಿಡಿದಿದ್ದೆವು. ಆಗುಂಬೆಯ ಘಾಟಿಯನ್ನು ಚಪ್ಪಲಿಯಲ್ಲಿ ಇಳಿದವರಿಗೆ ಇದೇನು ಮಹಾ ಎಂಬುದು ನಮ್ಮ ವಾದ. ತೆರೆದ ಚಪ್ಪಲಿಯಲ್ಲಿ ಈ ದಾರಿಗೆ ಕಾಲಿಟ್ಟವರಿಗೆ ಉದ್ಯಾನದವರು ದಂಡ ಹಾಕುವರೆಂದು ಮಗನು ತಿಳಿಸಿದಾಗ ವಾದ ನಿಂತಿತು. ನುಣುಪಾದ ಅಟ್ಟೆಯುಳ್ಳ ಪಾದರಕ್ಷೆಯವರು ಜಾರಿ ಬಿದ್ದು, ಅವರನ್ನು ಹೊತ್ತು ತರುವುದೇ ಒಂದು ಕೆಲಸವಾದುದರಿಂದ ೨೦೧೯ರಲ್ಲಿ ಈ ಕಟ್ಟಳೆ ಮಾಡಿದರಂತೆ. ದಾರಿಗೆ ಟಿಕೀಟೂ ಉಂಟು. ಕಾಲುದಾರಿಗೆ ಹಣವೇ ಎಂದು ಮೊದಲು ನಮಗೆ ಕಸಿವಿಸಿಯಾಯಿತು. ಸಂಜೆಯ ಹೊತ್ತಿಗೆ ಅದು ಅಗ್ಗವೆಂದು ತೋರಿತು.

ಹಳೆಯ ಊರನ್ನು ದಾಟಿ, ಬಿಳಿ ಕಪ್ಪು ಪಟ್ಟೆಗಳ ಮುಖವುಳ್ಳ ಯೋಹಾನನ ದೇವಾಲಯವನ್ನು ಹೊರಗಿನಿಂದಲೇ ನೋಡಿಕೊಂಡು, ಕಡಲನ್ನು ಬಲಕ್ಕಿಟ್ಟುಕೊಂಡು ಹೊರಟೆವು. ಮೊದಲ ಸ್ವಲ್ಪ ದೂರ ಹಿತವಾಗಿದೆ. ಆಮೇಲೆ ಮೆಟ್ಟಲುಗಳು. ಇವು ಒಂದರಂತೆ ಇನ್ನೊಂದಿಲ್ಲ. ಒಂದು ಗೇಣು ಎತ್ತರ, ಮತ್ತೊಂದು ಮೊಳ. ನಮ್ಮ ಮನೆಯವರಿಗೆ ಮೊಳಕಾಲಿನ ನೋವು ಇರುವುದರಿಂದ ಅವರು ಹಿಂದೆ ಬೀಳಬಹುದೆಂದು ನಾವು ಮಗನನ್ನು ಅವರ ಬಳಿ ಬಿಟ್ಟು ಮುಂದಾದೆವು. ಕಾಲುಗಂಟೆ ಕಳೆಯುವಷ್ಟರಲ್ಲಿ ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕುಳಿತವರು ನಾವು. ಸೆರಗು ಸಿಕ್ಕಿಸಿಕೊಂಡು, ಒಂದೇ ಸಮನಾದ ಸಣ್ಣ ಹೆಜ್ಜೆಯಿಂದ ನಮ್ಮನ್ನು ದಾಟಿಹೋದವರು ಅವರು. ತೌರಿನಲ್ಲಿ ಹೊಳೆಯಿಂದ ಗುಡ್ಡದ ಮೇಲಿನ ಮನೆಗೆ ನೀರು ಹೊತ್ತ ಕಾಲು ಅದು. ಪಾಠಶಾಲೆಯ ಜಗಲಿಯ ಮೇಲೆ ತಿರುಗಿದ ಕಾಲಿಗೆ ಆ ಅಭ್ಯಾಸವೆಲ್ಲಿಂದ ಬರಬೇಕು?

ಕುಳಿತದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನಡೆಯುವಾಗ ಕಣ್ಣೆಲ್ಲವೂ ಕಾಲಿನ ಮೇಲಿರುತ್ತದೆ. ಕುಳಿತಾಗಲೇ ನೋಡಲು ಬಿಡುವು. ಬಲಗಡೆ ಬಹಳ ಕೆಳಗೆ ಸಮುದ್ರ, ದಡದ ಹತ್ತಿರ ಹಸುರು, ದೂರ ಹೋದಂತೆ ಗಾಢವಾದ ನೀಲಿ. ಎಡಗಡೆ ಬೆಟ್ಟ, ಆದರೆ ಬೆಟ್ಟದ ಸ್ವಾಭಾವಿಕವಾದ ಇಳಿಜಾರು ಎಲ್ಲಿಯೂ ಕಾಣಲಿಲ್ಲ. ತಲೆಯಿಂದ ಬುಡದವರೆಗೆ ಹಂತದ ಮೇಲೆ ಹಂತ. ಒಂದೊಂದು ಹಂತವೂ ಕೆಲವೆಡೆ ನಾಲ್ಕು ಹೆಜ್ಜೆಗಿಂತ ಅಗಲವಿಲ್ಲ. ಹಂತದಲ್ಲಿ ದ್ರಾಕ್ಷಿಯ ಚಪ್ಪರ, ಊರಿನ ಹತ್ತಿರ ನಿಂಬೆಯ ಗಿಡಗಳು. ಹಣ್ಣುಗಳು ನಮ್ಮ ಗಜನಿಂಬೆಯ ಗಾತ್ರ. ಗಾಳಿ ಬೀಸಿದಾಗ ಹೂವಿನ ಕಂಪು. ಒಂದೊಂದು ಹಂತವನ್ನೂ ತಡೆದು ನಿಲ್ಲಿಸಿರುವುದು ಮರಳುಗಲ್ಲಿನ ಒಂದು ಗೋಡೆ. ಅದಕ್ಕೆ ಗಾರೆಯಿಲ್ಲ, ಸಿಮೆಂಟಿಲ್ಲ. ಒಣಗೋಡೆಯೆಂದೇ ಅವರ ಮಾತಿನಲ್ಲಿಯೂ ಕರೆಯುವರು. ಹೀಗೆ ಈ ಐದು ಊರಿನವರು ಸುಮಾರು ಒಂದು ಸಾವಿರ ವರ್ಷದಿಂದ ಕಲ್ಲನ್ನು ಆಯ್ದು, ಒಡೆದು, ಹೊತ್ತು ಕಟ್ಟುತ್ತ ಬಂದಿರುವರು. ಕಡಲ ಕಡೆಯಿಂದ ನೋಡುವವರಿಗೆ ಗೋಡೆಗಳು ಕಾಣುವುದಿಲ್ಲ, ಹಸುರು ಗೆರೆಗಳು ಮಾತ್ರ ಕಾಣುವುವು.

ದಾರಿಯ ಪಕ್ಕದ ಒಂದು ಹಂತದಲ್ಲಿ ಎಪ್ಪತ್ತು ದಾಟಿದ ಮುದುಕನೊಬ್ಬನು ಬಿದ್ದ ಗೋಡೆಯನ್ನು ಎತ್ತಿ ಕಟ್ಟುತ್ತಿದ್ದನು. ನಮ್ಮ ಮನೆಯವರು ಆಗಲೇ ಅಲ್ಲಿ ನಿಂತು ನೋಡುತ್ತಿದ್ದರು. ನಾವು ಸಮೀಪಿಸಿದಾಗ, “ನಮ್ಮ ಅಜ್ಜನವರ ಕಟ್ಟಿನ ಹಾಗೆಯೇ ಇದೆ ನೋಡಿ. ಹೊಟ್ಟೆ ಬಿಟ್ಟಿರುವುದೂ ಹಾಗೆಯೇ” ಎಂದರು. ನಿಜ, ಬಿದ್ದ ಭಾಗದ ಪಕ್ಕದಲ್ಲಿ ಗೋಡೆ ತುಂಬಿದ ಬಸುರಿಯಂತೆ ಮುಂದಕ್ಕೆ ಬಾಗಿತ್ತು. ಮಗನು ಅವರ ಭಾಷೆಯನ್ನು ಚೆನ್ನಾಗಿ ಆಡಬಲ್ಲನಾದ್ದರಿಂದ ಮಾತು ಬೆಳೆಯಿತು. ಮುದುಕನು ಕೆಲಸ ನಿಲ್ಲಿಸದೆಯೇ ಹೇಳುತ್ತಿದ್ದನು. ತಳದಲ್ಲಿ ದೊಡ್ಡ ಕಲ್ಲು, ಮೇಲೆ ಹೋದಂತೆ ಸಣ್ಣದು. ಗೋಡೆ ನೆಟ್ಟಗೆ ನಿಲ್ಲಬಾರದು. ಬೆಟ್ಟದ ಕಡೆಗೆ ಒಂದಿಷ್ಟು ವಾಲಿರಬೇಕು. ಎರಡು ಕಲ್ಲು ಕೂಡಿದ ಸಂದಿನ ಮೇಲೆ ಮೂರನೆಯ ಕಲ್ಲಿನ ಮೈ ಬರಬೇಕು. ಸಂದಿನ ಮೇಲೆ ಸಂದು ಬಂದರೆ ಗೋಡೆ ಅಲ್ಲಿಯೇ ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಹೊರಗೆ ಕಾಣುವುದಿಲ್ಲ: ಗೋಡೆಯ ಬೆನ್ನಿಗೆ, ಮಣ್ಣಿಗೂ ಕಲ್ಲಿಗೂ ನಡುವೆ, ಚೂರುಕಲ್ಲನ್ನು ತುಂಬಬೇಕು. ಮಳೆಯ ನೀರು ಆ ಚೂರುಗಳ ನಡುವೆ ಇಳಿದು, ಗೋಡೆಯ ಸಂದುಗಳಿಂದ ಸೋರಿ ಹೊರಗೆ ಹೋಗಬೇಕು. ಗಾರೆ ಬಳಿದರೆ ನೀರಿಗೆ ದಾರಿಯಿಲ್ಲ. ನೀರು ಹಿಂದೆ ನಿಂತು, ಮಣ್ಣು ಭಾರವಾಗಿ, ಎಂತಹ ಗೋಡೆಯನ್ನಾದರೂ ತಳ್ಳಿಬಿಡುತ್ತದೆ. ಗಾರೆಯಿಲ್ಲದಿರುವುದು ಬಡತನದಿಂದಲ್ಲ, ಬುದ್ಧಿಯಿಂದ.

ಇದನ್ನು ಕೇಳುತ್ತಿದ್ದಂತೆ ನಮಗೆ ಸಮಾಸಪ್ರಕರಣ ನೆನಪಿಗೆ ಬಂದಿತು. ವಿಭಕ್ತಿಯ ಗಾರೆಯನ್ನು ತೆಗೆದುಹಾಕಿ ಪದಕ್ಕೆ ಪದವನ್ನು ಆತು ನಿಲ್ಲಿಸುವುದೇ ಅಲ್ಲವೆ ಅಲ್ಲಿನ ಕೌಶಲ? ಮಗನು ಇದನ್ನು ಮುದುಕನಿಗೆ ಹೇಳಲು ಒಪ್ಪಲಿಲ್ಲ. ಆದರೂ ನಮಗೆ ಒಂದು ಕಲ್ಲನ್ನಿಡುವ ಆಸೆಯಾಯಿತು. ಮುದುಕನು ನಕ್ಕು ಒಂದನ್ನು ತೋರಿಸಿದನು. ಅದನ್ನು ಎರಡು ಕೈಯಿಂದ ಎತ್ತಿ, ನೋಡಿ, ಸರಿಯಾಗಿ ಕೂರುವುದೆಂದು ನಂಬಿ ಇಟ್ಟೆವು. ಅವನು ಮಾತನಾಡಲಿಲ್ಲ. ಕಲ್ಲನ್ನು ಮತ್ತೆ ಎತ್ತಿ, ಅರ್ಧಸುತ್ತು ತಿರುಗಿಸಿ, ಉದ್ದದ ಮುಖ ಬೆಟ್ಟದ ಒಳಕ್ಕೆ ಹೋಗುವಂತೆ ಇಟ್ಟು ಅಂಗೈಯಿಂದ ಒಂದು ಏಟು ಹಾಕಿದನು. ಕಲ್ಲು ‘ಟಕ್’ ಎಂದು ಕುಳಿತಿತು. ಮೂವತ್ತೆರಡು ವರ್ಷ ಹುಡುಗರ ಸಂಧಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿದ ನಮಗೆ ಅದು ನ್ಯಾಯವಾಗಿ ಸಲ್ಲಬೇಕಾದ ತಿದ್ದುಪಡಿಯೇ.

ಗೋಡೆ ಬಿದ್ದದ್ದು ಏತರಿಂದ ಎಂದು ಕೇಳಿದೆವು. ಕಾಡುಹಂದಿ, ಎಂದನು. ಬೇರಿಗೂ ಹುಳುವಿಗೂ ಗೋಡೆಯ ಬುಡವನ್ನು ಅಗೆಯುವುವಂತೆ. ನಮ್ಮ ಮನೆಯವರು, “ಇಲ್ಲಿಯೂ ಹಂದಿಯೆ!” ಎಂದು ನಿಟ್ಟುಸಿರು ಬಿಟ್ಟರು. ಅನಂತರ ಅವನು ಕೈಯೆತ್ತಿ ಮೇಲಿನ ಬೆಟ್ಟವನ್ನು ತೋರಿಸಿದನು. ಅಲ್ಲಿ ದ್ರಾಕ್ಷಿಯಿರಲಿಲ್ಲ. ಮುಳ್ಳುಪೊದೆ, ಎಳೆಯ ಮರಗಳು, ಅವುಗಳ ನಡುವೆ ಬಾಯಿಬಿಟ್ಟ ಗೋಡೆಗಳು. ತನ್ನ ತಂದೆಯ ಕಾಲದಲ್ಲಿ ಅದೆಲ್ಲವೂ ತೋಟವಾಗಿತ್ತು, ಆ ಹಂತಗಳ ಒಡೆಯರು ಈಗ ಎಲ್ಲಿರುವರೋ ತಾನರಿಯೆ ಎಂದನು.

ಅವರು ಹೋದದ್ದೇಕೆಂಬುದರ ಕಥೆ ಉದ್ದವಾದುದು, ಸ್ವಲ್ಪದರಲ್ಲಿ ಹೇಳುವೆವು. ಲಾ ಸ್ಪೆತ್ಸಿಯದಲ್ಲಿ ೧೮೬೯ರಲ್ಲಿ ನೌಕಾಸೈನ್ಯದ ದೊಡ್ಡ ಕಾರ್ಖಾನೆ ಪ್ರಾರಂಭವಾಯಿತು. ಐದು ವರ್ಷದಲ್ಲಿ ರೈಲೂ ಬಂದಿತು. ತಿಂಗಳಿಗೊಮ್ಮೆ ಸಂಬಳ ಕೈಗೆ ಬರುವ ಕೆಲಸ ಕೂಗಳತೆಯಲ್ಲಿರುವಾಗ ಬುಟ್ಟಿಯಲ್ಲಿ ಮಣ್ಣು ಹೊರುವವರಾರು? ಮುಂದಿನ ಶತಮಾನದಲ್ಲಿ ದ್ರಾಕ್ಷಿಯ ಬೇರನ್ನು ತಿನ್ನುವ ಹುಳುವಿನ ಕಾಟ ಬಂದಿತು, ಯುದ್ಧಗಳು ಬಂದುವು, ಆಮೇಲೆ ಪ್ರವಾಸಿಗಳು ಬಂದರು. ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟರೆ ಬರುವ ಹಣ ಹತ್ತು ಹಂತದ ದ್ರಾಕ್ಷಿಯಿಂದ ಬಾರದು. ಇದರಲ್ಲೊಂದು ವಿಪರ್ಯಾಸವಿದೆ. ಜನರು ದೂರದೂರದಿಂದ ಬರುವುದು ಆ ಹಂತಗಳನ್ನು ನೋಡುವುದಕ್ಕೆ. ಅವರು ಬಂದುದರಿಂದಲೇ ಹಂತಗಳನ್ನು ಕಾಯುವ ಕೈಗಳು ಬೇರೆ ಕೆಲಸಕ್ಕೆ ಹೋದುವು. ಉಳಿದವರು ಮಾತ್ರ ಇನ್ನೂ ಬಿಟ್ಟಿಲ್ಲ. ಕೊಯ್ಲಿನ ಕಾಲದಲ್ಲಿ ದ್ರಾಕ್ಷಿಯ ಬುಟ್ಟಿಗಳನ್ನು ಸಾಗಿಸಲು ಒಂಟಿ ಕಂಬಿಯ ಮೇಲೆ ಹಲ್ಲುಚಕ್ರದಿಂದ ಏರುವ ಒಂದು ಪುಟ್ಟ ಬಂಡಿಯನ್ನು ಕೆಲವೆಡೆ ಹಾಕಿಕೊಂಡಿರುವರು. ಅದರ ಕಂಬಿ ಕಡಲಿನಿಂದ ಮುಗಿಲಿಗೆ ಏಣಿ ಹಾಕಿದಂತೆ ಕಾಣುತ್ತದೆ. ೨೦೧೮ರಲ್ಲಿ ಯುನೆಸ್ಕೊದವರು ಇಟಲಿಯೂ ಸೇರಿ ಎಂಟು ದೇಶಗಳ ಒಣಗೋಡೆ ಕಟ್ಟುವ ವಿದ್ಯೆಯನ್ನೂ ತಮ್ಮ ಪಟ್ಟಿಯಲ್ಲಿ ಬರೆದುಕೊಂಡರು. ಪಟ್ಟಿಯಲ್ಲಿ ಬರೆದರೆ ಗೋಡೆ ಏಳುವುದಿಲ್ಲವೆಂದು ಮುದುಕನ ಅಭಿಪ್ರಾಯ.

ಅವನೇ ೨೦೧೧ರ ಮಾತನ್ನೆತ್ತಿದನು. ಆ ವರ್ಷದ ಅಕ್ಟೋಬರ್ ೨೫ರಂದು ಈ ಸೀಮೆಯಲ್ಲಿ ಕೆಲವು ಗಂಟೆಗಳೊಳಗೆ ಮುನ್ನೂರು ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯಿತು. ಆಗುಂಬೆಯ ವಾಚಕರು ಇದನ್ನೋದಿ ನಗಬಹುದು. ಆದರೆ ವರ್ಷಕ್ಕೆಲ್ಲ ಸೇರಿ ಸಾವಿರ ಮಿಲಿಮೀಟರಿನ ಆಚೀಚೆ ಮಳೆ ಕಾಣುವ ನೆಲ ಅದು. ಬೆಟ್ಟದ ಮೇಲಿನ ಹಂತಗಳು ಜಾರಿದುವು. ಒಂದು ಹಂತದ ಮಣ್ಣು ಕೆಳಗಿನ ಹಂತದ ಮೇಲೆ, ಅದೆರಡೂ ಮೂರನೆಯದರ ಮೇಲೆ. ವೆರ್ನಾತ್ಸದ ದೊಡ್ಡ ಬೀದಿಯ ಅಡಿಯಲ್ಲಿ ಒಂದು ಹಳ್ಳವನ್ನು ಮುಚ್ಚಿ ಹರಿಸಿರುವರು. ಮಣ್ಣು, ಮರ, ಕಲ್ಲು, ಮೋಟಾರುಗಳೆಲ್ಲವೂ ಆ ಬೀದಿಗುಂಟ ಕಡಲಿಗಿಳಿದುವು. ಕೆಲವೆಡೆ ಕೆಸರು ಆಳುದ್ದಕ್ಕೂ ಮೀರಿ ನಿಂತು, ಅಂಗಡಿಗಳು ಬಾಗಿಲಿನ ಮೇಲುದಾರದವರೆಗೆ ಹೂತುಹೋದುವು. ವೆರ್ನಾತ್ಸದಲ್ಲಿ ಮೂವರು ಸತ್ತರು, ಮೊಂತೆರೊಸ್ಸೊದಲ್ಲಿ ಒಬ್ಬನು. ರಸ್ತೆಯೂ ರೈಲೂ ಕಡಿದುಹೋದುದರಿಂದ ಜನರನ್ನು ದೋಣಿಗಳಲ್ಲಿ ಹೊರಗೆ ಸಾಗಿಸಬೇಕಾಯಿತು.

ಅಂತಹ ಮಳೆಗೆ ಯಾವ ಗೋಡೆಯಾದರೂ ನಿಲ್ಲುತ್ತಿತ್ತೆಂದು ಹೇಳುವುದು ಸಾಹಸವಾದೀತು. ಆದರೆ ಆಮೇಲೆ ಭೂವಿಜ್ಞಾನಿಗಳು ಬೆಟ್ಟವನ್ನೆಲ್ಲ ಅಳೆದು ನೋಡಿ ಕಂಡುಕೊಂಡ ಒಂದು ಸಂಗತಿಯನ್ನು ಮಗನು ನಮಗೆ ಓದಿ ಹೇಳಿದನು. ಚೆನ್ನಾಗಿ ನೋಡಿಕೊಂಡ ಹಂತಗಳಲ್ಲಿ ಕುಸಿತ ಕಡಮೆ. ಬಹುಕಾಲದ ಹಿಂದೆಯೇ ಬಿಟ್ಟು, ಕಾಡು ಪೂರ್ತಿಯಾಗಿ ಬೆಳೆದ ಕಡೆಗಳಲ್ಲಿಯೂ ಕಡಮೆ. ಹೆಚ್ಚಾಗಿ ಕುಸಿದದ್ದು ಈಚೆಗೆ, ಅಂದರೆ ಇಪ್ಪತ್ತೈದು ಮೂವತ್ತು ವರ್ಷಗಳೊಳಗೆ, ಕೈಬಿಟ್ಟ ಹಂತಗಳಲ್ಲಿ. ಅವು ತೋಟವಾಗಿಯೂ ಉಳಿದಿರುವುದಿಲ್ಲ, ಕಾಡಾಗಿಯೂ ಬೆಳೆದಿರುವುದಿಲ್ಲ.

ಮುದುಕನಿಗೆ ನಮಸ್ಕಾರ ಹೇಳಿ ಮುಂದೆ ನಡೆದೆವು. ದಾರಿ ಈಗ ಬಹಳ ಕಿರಿದು. ಎದುರಿನಿಂದ ಬರುವವರಿಗೆ ಬೆಟ್ಟದ ಕಡೆ ಒತ್ತಿ ನಿಂತು ಎ‍ಡೆ ಕೊಡಬೇಕು. ಹಾಗೆ ನಿಂತಾಗಲೆಲ್ಲ ಕೈ ಆ ಒಣಗೋಡೆಯ ಮೇಲೆಯೇ ಬೀಳುವುದು. ಜರ್ಮನರು, ಜಪಾನೀಯರು, ಬೆನ್ನಿನ ಮೇಲೆ ಕೂಸನ್ನು ಹೊತ್ತ ಒಬ್ಬ ತಂದೆ. ನಮ್ಮ ಮನೆಯವರ ಸೀರೆಯನ್ನು ನೋಡಿ ನಗುಮೊಗದಿಂದ ಕೈಮುಗಿದ ಒಬ್ಬ ವೃದ್ಧೆಯೂ ಸಿಕ್ಕಿದಳು. ಒಂದು ತೊರೆಗೆ ಹಾಕಿದ ಹಳೆಯ ಕಲ್ಲಿನ ಕಮಾನುಸೇತುವೆಯ ಮೇಲೆ ನೆರಳಿತ್ತು. ಅಲ್ಲಿ ಕುಳಿತು ತಂದಿದ್ದ ಚಪಾತಿಯನ್ನೂ ಚಟ್ಣಿಪುಡಿಯನ್ನೂ ಬಿಚ್ಚಿದೆವು. ಎಲ್ಲಿಂದಲೋ ಬಂದ ಬೆಕ್ಕೊಂದು ಚಟ್ಣಿಪುಡಿಯನ್ನು ಮೂಸಿ ನೋಡಿ ಸೀನಿ ಹೊರಟುಹೋಯಿತು. ಆ ಹೊತ್ತಿನಲ್ಲಿ ನಮ್ಮ ಮನೆಯವರು, “ರಾತ್ರಿ ನಿಮ್ಮ ತಮ್ಮನಿಗೆ ಏನೆಂದು ಹೇಳಿದಿರಿ?” ಎಂದು ಕೇಳಿದರು. ಕಾಡಿಗೆ ಬಿಡು ಎಂದೆನೆಂದು ಹೇಳಿದೆವು. ಅವರು ಡಬ್ಬಿಯ ಮುಚ್ಚಳ ಹಾಕುತ್ತ, “ಕಾಡು ಬೆಳೆಯಲು ಎಷ್ಟು ವರ್ಷವೆಂದರು ಆ ವಿಜ್ಞಾನಿಗಳು?” ಎಂದರು. ಉತ್ತರವನ್ನು ನಿರೀಕ್ಷಿಸಿದಂತೆ ಕಾಣಲಿಲ್ಲ.

ಅಲ್ಲಿಂದ ಸ್ವಲ್ಪ ದೂರ ಹೋಗಿ ಬೆಟ್ಟದ ಒಂದು ತಿರುವನ್ನು ದಾಟುತ್ತಲೇ ವೆರ್ನಾತ್ಸ ಕಾಲ ಕೆಳಗೆ ಕಾಣಿಸಿತು. ಈ ನೋಟವನ್ನು ಚಿತ್ರಗಳಲ್ಲಿ ಕಂಡಿದ್ದೆವು, ಆದರೂ ಬೆರಗಾಯಿತು. ಕಡಲಿಗೆ ಚಾಚಿದ ಬಂಡೆಯೊಂದು, ಅದರ ತುದಿಯಲ್ಲಿ ಕಡಲ್ಗಳ್ಳರನ್ನು ಕಾಯಲು ಕಟ್ಟಿದ ಹಳೆಯ ಕೋಟೆಯ ದುಂಡುಗೋಪುರ. ಬಂಡೆಯ ತೋಳಿನೊಳಗೆ ಒಂದು ಹಿಡಿಯಷ್ಟು ಬಂದರು. ಹತ್ತಿಪ್ಪತ್ತು ಬಣ್ಣದ ದೋಣಿಗಳು. ಕುಂಕುಮ, ಅರಿಸಿನ, ಗುಲಾಬಿ ಬಣ್ಣಗಳ ಮನೆಗಳು ಒಂದರ ಹೆಗಲಮೇಲೊಂದು. ನೀರಿನ ಅಂಚಿನಲ್ಲಿಯೇ ಎಂಟು ಮೂಲೆಯ ಗಂಟೆಗೋಪುರವುಳ್ಳ ಒಂದು ದೇವಾಲಯ. ಆ ಕಮ್ಯೂನಿನಲ್ಲಿ ಈಗ ಮನೆಮಾಡಿ ಇರುವವರು ಸಾವಿರಕ್ಕೂ ಕಡಮೆ. ನೋಡುವವರು ಒಂದೊಂದು ದಿನ ಅದಕ್ಕಿಂತ ಎಷ್ಟೋ ಹೆಚ್ಚು. ಚಿತ್ರಗಳಲ್ಲಿ ತೋರದ ಒಂದು ಸಂಗತಿಯನ್ನು ಇಲ್ಲಿ ನಿಂತು ಕಂಡೆವು. ಊರಿನ ಹಿಂದೆ ಬೆಟ್ಟಗಳು ಬೊಗಸೆಯಂತೆ ನಿಂತಿವೆ. ಬೊಗಸೆಯಲ್ಲಿ ಬಿದ್ದದ್ದು ಬೆರಳಸಂದಿನಿಂದ ಎಲ್ಲಿಗೆ ಇಳಿಯಬೇಕೋ ಅಲ್ಲಿಯೇ ಊರಿದೆ.

ಇಳಿಯುವುದು ಏರುವುದಕ್ಕಿಂತ ಕಷ್ಟವಾಯಿತು. ನಮ್ಮ ಮನೆಯವರ ಮೊಳಕಾಲು ಈಗ ತಕರಾರು ತೆಗೆಯಿತು. ಒಂದೊಂದು ಮೆಟ್ಟಲಿಗೂ ಮಗನ ಹೆಗಲನ್ನು ಹಿಡಿದು ಇಳಿದರು. ಊರಿನ ಓಣಿಯನ್ನು ತಲಪಿದಾಗ ಗಂಟೆ ಎರಡೂವರೆ. ಸಂತ ಮಾರ್ಗರೀತಳ ಹೆಸರಿನ ಆ ದೇವಾಲಯಕ್ಕೆ ಹೋಗಿ ತಂಪಿನಲ್ಲಿ ಕುಳಿತೆವು. ೧೩೧೮ರ ದಾಖಲೆಯಲ್ಲಿಯೇ ಅದರ ಉಲ್ಲೇಖವಿದೆ. ಒಳಗೆ ಕಿಟಕಿಯ ಹೊರಗಿನಿಂದ ಅಲೆಗಳ ಶಬ್ದ ಮಾತ್ರ ಕೇಳುತ್ತಿತ್ತು. ಅನಂತರ ಬೀದಿಯ ಒಂದು ಒಲೆಯಂಗಡಿಯಲ್ಲಿ ಫರಿನಾತ ಎಂಬ ತಿಂಡಿಯನ್ನು ಕೊಂಡೆವು. ಗೃಹಿಣಿಯರಿಗಾಗಿ ಬರೆಯುವೆವು: ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಇಷ್ಟೇ. ಹಿಟ್ಟನ್ನು ತೆಳ್ಳಗೆ ಕಲಸಿ ಕೆಲವು ಗಂಟೆ ನೆನೆಯಬಿಟ್ಟು, ಅಗಲವಾದ ತಾಮ್ರದ ತಟ್ಟೆಯಲ್ಲಿ ಹೊಯ್ದು, ಸೌದೆಯ ಒಲೆಯೊಳಗಿಟ್ಟು ಬೇಯಿಸುವರು. ಮೇಲೆ ಹೊಂಬಣ್ಣ, ಒಳಗೆ ಮೆತ್ತಗೆ. ಒಗ್ಗರಣೆಯಿದ್ದಿದ್ದರೆ ನಮ್ಮದೆಂದೇ ಹೇಳಬಹುದಿತ್ತೆಂದು ನಮ್ಮ ಮನೆಯವರ ತೀರ್ಪು. ಅಂಗಡಿಯವಳು, ೨೦೧೧ರಲ್ಲಿ ಕೆಸರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದಾಗ, ಮಾತನಾಡದೆ ಕೈಯನ್ನು ತಲೆಯ ಮೇಲಕ್ಕೆತ್ತಿ ತೋರಿಸಿದಳು. ಮುಂದಿನ ವರ್ಷದಲ್ಲಿಯೇ ಊರು ಮತ್ತೆ ಬಾಗಿಲು ತೆರೆಯಿತಂತೆ.

ಉಳಿದ ಊರುಗಳ ದಾರಿಗಳನ್ನು ನಡೆಯುವ ಶಕ್ತಿ ನಮಗಿರಲಿಲ್ಲ. ರಿಯೊಮಜ್ಜೋರೆಯಿಂದ ಮನರೋಲಕ್ಕೆ ಬಂಡೆಯಲ್ಲಿ ಕೊರೆದ ಪ್ರೇಮಪಥವೆಂಬ ಪ್ರಸಿದ್ಧವಾದ ದಾರಿಯೊಂದಿದೆ. ೨೦೧೨ರಲ್ಲಿ ಕಲ್ಲು ಬಿದ್ದು ಕೆಲವರಿಗೆ ಗಾಯವಾದ ಮೇಲೆ ಅದನ್ನು ಮುಚ್ಚಿದವರು ೨೦೨೪ರಲ್ಲಿ ತೆರೆದರು. ಒಂದು ಕಿಲೋಮೀಟರೂ ಇಲ್ಲದ ದಾರಿಗೆ ಹನ್ನೆರಡು ವರ್ಷ! ಅದನ್ನು ಮತ್ತೊಮ್ಮೆ ನೋಡೋಣವೆಂದು ರೈಲಿನ ಸ್ಟೇಷನ್ನಿಗೆ ಹೋದೆವು.

ಗಾಡಿ ಬರಲು ಇನ್ನೂ ಹೊತ್ತಿತ್ತು. ಊರಿನಲ್ಲಿ ಆಗ ಸಂಜೆ ಏಳು ಗಂಟೆ; ತಮ್ಮನು ಸಂಧ್ಯಾವಂದನೆ ಮುಗಿಸಿರುವನು. ಮಗನ ಫೋನಿನಿಂದಲೇ ಕರೆದೆವು.

“ಆ ಕಟ್ಟನ್ನು ಬಿಡುವುದು ಬೇಡ” ಎಂದೆವು. “ಮಳೆಗೆ ಮುಂಚೆ ಎತ್ತಿಸು.”

“ಕೂಲಿ, ಅಣ್ಣಯ್ಯ?”

“ನಮ್ಮ ಪಿಂಚಣಿಯಲ್ಲಿ ಕೊಡೋಣ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದೆ ಕಲ್ಲು ಕಟ್ಟುತ್ತಿದ್ದವರಲ್ಲಿ ಒಬ್ಬ ಮುದುಕನು ಇನ್ನೂ ಇರುವನೆಂದೂ, ಅವನಿಗೆ ಕಣ್ಣು ಮಂಜಾಗಿದೆಯೆಂದೂ, ಮಗನು ಶಿವಮೊಗ್ಗೆಯಲ್ಲಿ ಆಟೋ ಓಡಿಸುತ್ತಿರುವನೆಂದೂ ಹೇಳಿದನು. ಮಗನು ಕೈಯಾಡಿಸಿ ಮುದುಕನು ಪಕ್ಕದಲ್ಲಿ ಕುಳಿತು ಹೇಳುವುದಾದರೆ ಆಗಬಹುದೇನೋ, ಕೇಳಿನೋಡುವೆನೆಂದನು. ನಮ್ಮ ಹೊಸ ವಿದ್ಯೆ ನಮ್ಮನ್ನು ಸುಮ್ಮನಿರಗೊಡಲಿಲ್ಲ.

“ಉದ್ದದ ಮುಖ ಧರೆಯ ಒಳಕ್ಕೆ ಹೋಗಬೇಕು. ಗೋಡೆಯ ಬೆನ್ನಿಗೆ ಚೂರುಕಲ್ಲು ತುಂಬಲು ಹೇಳು. ಗಾರೆ ಹಾಕಿಸಬೇಡ, ನೀರು…”

“ಅಣ್ಣಯ್ಯ,” ಎಂದನು ತಮ್ಮ, “ಅದು ನನಗೆ ಗೊತ್ತಿದೆ.”

ಗಾಡಿ ಬಂದಿತು. ನಾಲ್ಕು ಗಂಟೆಯಲ್ಲಿ ನಡೆದ ದಾರಿಯನ್ನು ಅದು ಸುರಂಗದ ಕತ್ತಲೆಯಲ್ಲಿ ನಾಲ್ಕೈದು ನಿಮಿಷಗಳಲ್ಲಿ ಮುಗಿಸಿ ನಮ್ಮನ್ನು ಮೊಂತೆರೊಸ್ಸೊದಲ್ಲಿ ಇಳಿಸಿತು.